ಒಡೆಯದ ಅಕ್ಷರಗಳು

ಗೇಮ್ ಆಡಲು ಹೊಸ ಮಾನಿಟರ್ ಆರಿಸುವುದಕ್ಕೆ ಗಂಡ ಅಂಗಡಿಗೆ ಹೊರಟಾಗ ನಮಿತಾಳನ್ನೂ ಜೊತೆಗೆ ಕರೆತಂದ. ಮನೆಯ ಬೀಗ ಕೆಟ್ಟಿತ್ತು. ಇಲ್ಲದಿದ್ದರೆ ಎಂದಿನಂತೆ ಅವಳನ್ನು ಒಳಗೆ ಕೂಡಿಹಾಕಿಯೇ ಬರುತ್ತಿದ್ದ. ಅವಳ ಫೋನು ಮದುವೆಯಾದಾಗಿನಿಂದ ಅವನ ಜೇಬಿನಲ್ಲೇ ಇತ್ತು.

"ಇದು ಫೋರ್‌ಕೆ ಸರ್. ಸ್ಕ್ರೀನ್ ಎಷ್ಟೇ ದೊಡ್ಡದಿದ್ರೂ ಅಕ್ಷರ ಒಡೆಯಲ್ಲ," ಎಂದಳು ಅಂಗಡಿಯ ಹುಡುಗಿ. "ಮೇಡಂ, ನೀವೇ ಏನಾದ್ರೂ ಟೈಪ್ ಮಾಡಿ ನೋಡಿ."

ಗಂಡ ಅಷ್ಟರಲ್ಲಿ ಹಿಂದಿನ ಸಾಲಿನ ಕುರ್ಚಿಗಳನ್ನು ನೋಡಲು ಹೋಗಿದ್ದ. ನಮಿತಾ ಟೈಪ್ ಮಾಡಿದಳು: "ಇವರು ನನ್ನನ್ನು ಮನೆಯಲ್ಲಿ ಕೂಡಿಹಾಕಿ ಹೊಡೆಯುತ್ತಾರೆ. ದಯವಿಟ್ಟು ಪೊಲೀಸರಿಗೆ ತಿಳಿಸಿ."

ಹುಡುಗಿ ಅದನ್ನು ಓದಿದಳು. "ಹೆದರಬೇಡಿ ಅಕ್ಕ, ಒಳಗೆ ಹೋಗಿ ಫೋನ್ ಮಾಡ್ತೀನಿ," ಎಂದು ಪಿಸುಗುಟ್ಟಿದಳು.

ನಮಿತಾ ಬರೆದದ್ದನ್ನು ಗಡಿಬಿಡಿಯಿಂದ ಅಳಿಸಿದಳು. ಹುಡುಗಿ ಇನ್ನೂ ಎರಡು ಹೆಜ್ಜೆ ಇಟ್ಟಿರಲಿಲ್ಲ, ಗಂಡ ನಗುತ್ತ ಬಂದು ನಮಿತಾಳ ಹೆಗಲ ಮೇಲೆ ಕೈಯಿಟ್ಟ.

"ನಿಂತ್ಕೊಳ್ಳಿ ಸಿಸ್ಟರ್, ಇದನ್ನೇ ಪ್ಯಾಕ್ ಮಾಡಿ. ಅಲ್ಲಿಂದಲೇ ಒಂದೊಂದು ಅಕ್ಷರಾನೂ ಓದೋಕಾಯ್ತು."