ಕೊನೆಯ ಮನೆಯ ಬಿಸಿನೀರು

ಕೆಂಪಾಜಮ್ಮ ಬಚ್ಚಲಿನ ನಲ್ಲಿ ತಿರುಗಿಸಿ ಕೈಯೊಡ್ಡಿದಳು. ನೀರು ತಣ್ಣಗೆ ಕೊರೆಯುತ್ತಿತ್ತು. ಮೈತುಂಬ ಹರಳೆಣ್ಣೆ ಹಚ್ಚಿಸಿಕೊಂಡು ಕೂತಿದ್ದ ಬಾಣಂತಿ ಮಗಳು ಯಶೋಧರಾ ನಡುಗುತ್ತಿದ್ದಳು. ಹೆರಿಗೆಯಾದ ಮೇಲೆ ತಲೆಗೆ ನೀರು ಹಾಕುವ ಮೊದಲ ದಿನ. ಈ ನೀರು ಬಿದ್ದರೆ ಶೀತ ಕಟ್ಟಿಟ್ಟ ಬುತ್ತಿ.

ಹುಲ್ಲಹಳ್ಳಿ ಪಕ್ಕದ ಆ ಊರಿನಲ್ಲಿ ಆಲೆಮನೆಯ ಬೆಂಕಿ ಬೆಲ್ಲ ಕಾಯಿಸಿ, ಉಳಿದ ಬಿಸಿಯನ್ನು ಆಕಾಶಕ್ಕೆ ಬಿಡುತ್ತಿತ್ತು. ಆಲೆಮನೆಯ ರಂಗನಾಯಕ ಹೊಗೆಗೂಡಿಗೆ ಒತ್ತಿ ನೀರಿನ ಟ್ಯಾಂಕು ಕೂರಿಸಿ, ಅಲ್ಲಿಂದ ಬಿಸಿ ಆರದಂತೆ ಭತ್ತದ ಹೊಟ್ಟಿನೊಳಗೆ ಪೈಪು ಹೂತು, ಮೊದಲ ನಾಲ್ಕು ಮನೆಯ ಬಚ್ಚಲಿಗೆ ಬಿಸಿನೀರು ಹರಿಸಿದ್ದ. ಯಶೋಧರಾಳ ಬಾಣಂತನಕ್ಕೆಂದೇ ಪೈಪನ್ನು ಬೀದಿಯ ಕೊನೆಯ ಮನೆಯವರೆಗೂ ಎಳೆದ. ಆ ಖುಷಿಯಲ್ಲಿ ಕೆಂಪಾಜಮ್ಮ ಹಂಡೆ ಒಲೆಯನ್ನೇ ಕಿತ್ತುಹಾಕಿದ್ದಳು.

ಹೇಳಿಕಳಿಸಿದ ಕೂಡಲೇ ರಂಗನಾಯಕ ಓಡಿಬಂದ. ಟ್ಯಾಂಕಿನಲ್ಲಿ ನೀರು ಕೊತಕೊತ ಕುದಿಯುತ್ತಿದೆಯೆಂದು ಆಣೆ ಮಾಡಿದ.

"ಅಲ್ಲಿ ಕುದುದ್ರೆ ನನ್ ಮಗ್ಳಿಗೇನ್ ಬಂತು? ನಿನ್ನ ನಂಬ್ಕಂಡು ಒಲೆ ಕಿತ್ತಾಕ್ದೆ ಕಣೋ."

ಅವನು ಬೀದಿಯುದ್ದಕ್ಕೂ ಕಿವಿಗೊಟ್ಟ. ಒಂದು ಬಚ್ಚಲಲ್ಲೂ ಚೊಂಬಿನ ಸದ್ದಿಲ್ಲ. ಯಾಕೆಂದು ಕೇಳಿದಾಗ ಕೆಂಪಾಜಮ್ಮ ತಲೆ ತಗ್ಗಿಸಿದಳು. ಬಾಣಂತಿಗೆ ಬಿಸಿನೀರು ಸಾಲದೆ ಹೋದೀತೆಂದು ಹೆದರಿ, ಇವತ್ತು ಯಾರೂ ನಲ್ಲಿ ಮುಟ್ಟಬೇಡಿರೆಂದು ಅವಳೇ ನಿನ್ನೆ ಮನೆಮನೆಗೆ ಹೋಗಿ ಬೇಡಿಕೊಂಡಿದ್ದಳು. ಪುಣ್ಯಾತ್ಮರು ಒಬ್ಬರೂ ಮುಟ್ಟಿರಲಿಲ್ಲ.

ರಂಗನಾಯಕ ನಗು ತಡೆಯಲಾರದೆ ಗೋಡೆಗೊರಗಿದ. "ಅಷ್ಟುದ್ದ ಪೈಪು, ನೀರು ಒಳ್ಗೇ ನಿಂತು ತಣ್ಣಗಾಗೋಯ್ತದೆ ಕಣವ್ವ. ನಿನ್ನೊಂದು ನಲ್ಲಿ ಬುಟ್ರೆ ಬಿಸಿ ಬರೋದ್ರೊಳ್ಗೆ ದಾರೀಲೇ ಆರೋಯ್ತದೆ. ಎಲ್ರೂ ನೀರುಯ್ಕಂಡ್ರೇನೇ ನಿನ್ ಮಗ್ಳಿಗೆ ಬಿಸಿ."

ಕೆಂಪಾಜಮ್ಮ ಮತ್ತೆ ಬೀದಿಗಿಳಿದಳು. ಈ ಸಲ ಎಲ್ಲರನ್ನೂ ಸ್ನಾನಕ್ಕೆ ಎಬ್ಬಿಸುತ್ತ ಹೋದಳು. ಮೊದಲ ಮನೆಯ ಸಣ್ಣತಾಯಮ್ಮ ಸೊಸೆಯರನ್ನೆಲ್ಲ ಬಚ್ಚಲಿಗೆ ಅಟ್ಟಿದಳು. ಎಸ್‌ಟಿಡಿ ಬೂತಿನ ಬೆಂಚಿನ ಮೇಲೆ ಬೀಡಿ ಸೇದುತ್ತಿದ್ದ ಚಲುವಯ್ಯ ಮಾತ್ರ, ಹೋದ ಅಮಾವಾಸ್ಯೆಗೇ ಸ್ನಾನ ಆಗಿದೆಯೆಂದು ತಕರಾರು ತೆಗೆದ. ಅವನ ಬಾಯಿಂದ ಬೀಡಿ ಕಿತ್ತೆಸೆದು, ರಟ್ಟೆ ಹಿಡಿದು ಅವನ ಮನೆಯ ಬಚ್ಚಲಿಗೆ ನೂಕಿದ್ದಾಯಿತು.

ಬೀದಿಯ ನಲ್ಲಿಗಳೆಲ್ಲ ಒಟ್ಟಿಗೆ ಸುರಿದವು. ಬಚ್ಚಲ ಕಿಂಡಿಗಳಲ್ಲಿ ಸಾಲಾಗಿ ಹಬೆ ಎದ್ದಿತು. ಕೊನೆಯ ಮನೆಯ ನೀರು ಬೆಚ್ಚಗಾಯಿತು, ಆಮೇಲೆ ಸುಡತೊಡಗಿತು. ಕೆಂಪಾಜಮ್ಮ ಹದ ಮಾಡಿ ಮಗಳ ಬೆನ್ನಿಗೆ ಎರೆದಾಗ ಯಶೋಧರಾ ಸುಖವಾಗಿ ನಿಟ್ಟುಸಿರಿಟ್ಟಳು. ತಾಯಿಗೆ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಬೀದಿ ಬಾಗಿಲಲ್ಲಿ ಒದ್ದೆ ಟವೆಲು ಸುತ್ತಿಕೊಂಡ ಚಲುವಯ್ಯ ನಿಂತಿದ್ದ.

"ಕೆಂಪಾಜವ್ವ, ನಾಳೀಕೂ ಉಯ್ಕಬೇಕಾ?"

"ಬಾಣ್ತನ ಮುಗ್ಯೋಗಂಟ ಕಣಣ್ಣ. ಆಮ್ಯಾಕೆ ನಿನ್ ಬಸ್ರಿ ಸೊಸೇದು ಶುರುವಾಯ್ತದಲ್ಲ."