ಕಾಲು ಬಡಿ, ಅಮ್ಮ

ಮಗಳು ಕೂತಿದ್ದ ಹಳದಿ ಟ್ಯೂಬು ದಡ ಬಿಟ್ಟು ದೂರ ಸರಿಯುತ್ತಿರುವುದು ಕಂಡದ್ದೇ ತಡ, ಅಮ್ಮ ಉಟ್ಟ ಬಟ್ಟೆಯಲ್ಲೇ ಸಮುದ್ರಕ್ಕಿಳಿದಳು. ಶಾಲೆಯ ಬಸ್ಸು ಓಡಿಸಿ ದಿನಾ ನಲವತ್ತು ಮಕ್ಕಳನ್ನು ಜೋಪಾನವಾಗಿ ಮನೆ ಸೇರಿಸುವವಳಿಗೆ ಈಜು ಮಾತ್ರ ಬಾರದು. ಊರಿನ ಚಳಿಯಿಂದ ತಪ್ಪಿಸಿಕೊಂಡು ಈ ದ್ವೀಪಕ್ಕೆ ಬಂದು ಇನ್ನೂ ಎರಡೇ ದಿನ. ಗಂಡ ಚಿಕ್ಕ ಮಗನನ್ನು ಮಲಗಿಸಲು ಹೋಟೆಲಿನ ಕೋಣೆಗೆ ಹೋಗಿದ್ದ.

ನೀರು ಎದೆಗೆ ಬಂತು, ಗದ್ದಕ್ಕೆ ಬಂತು. ಟ್ಯೂಬಿನ ಹಗ್ಗ ಬೆರಳಿಗೆ ಸಿಗುವಷ್ಟರಲ್ಲಿ ಕಾಲಡಿಯ ಮರಳು ಜಾರಿ ಅವಳು ಮುಳುಗಿದಳು. ಹೇಗೋ ಮೇಲೆದ್ದು ಟ್ಯೂಬನ್ನು ತಬ್ಬಿಕೊಂಡಳು. ಮಗಳಿಗೆ ಧೈರ್ಯ ಹೇಳಲು ಬಂದವಳಿಗೆ ಉಪ್ಪುನೀರಿನ ಕೆಮ್ಮಿನಲ್ಲಿ ಮಾತೇ ಹೊರಡಲಿಲ್ಲ.

ಆರು ವರ್ಷದ ಮಗಳು ಅವಳ ಮುಖವನ್ನೇ ನೋಡಿದಳು. "ಅಮ್ಮ, ನಿಂಗೆ ಈಜು ಬರಲ್ವಾ?"

ಅಮ್ಮ ಇಲ್ಲವೆಂದು ತಲೆಯಾಡಿಸಿದಳು.

"ಹಾಗಾದ್ರೆ ಇದನ್ನ ಬಿಡ್ಬೇಡ. ನಮ್ಮ ಈಜು ಮಿಸ್ ಹೇಳ್ಕೊಟ್ಟ ಹಾಗೆ ಕಾಲು ಬಡಿ. ನಾನೂ ಬಡೀತೀನಿ. ಒಂದು, ಎರಡು..."

ಎಣಿಕೆ ಐವತ್ತರ ಹತ್ತಿರ ತಪ್ಪಿ, ಮತ್ತೆ ಒಂದರಿಂದ ಶುರುವಾಯಿತು. ಕೊನೆಗೊಮ್ಮೆ ಅಮ್ಮನ ಮೊಣಕಾಲಿಗೆ ಮರಳು ತಾಗಿತು. ಆದರೂ ಅವಳು ಬಡಿಯುತ್ತಲೇ ಇದ್ದಳು. ಮಗಳು ಇನ್ನೂ ಸಾಕು ಅಂದಿರಲಿಲ್ಲ.