ತಟ್ಟೆಯ ನಡುವಿನ ಸಾಲು

ಕೊನೆಯ ಮಧ್ಯಾಹ್ನ ಹರಿಹರ ಯಾರೊಂದಿಗೆ ಮಾತಾಡುತ್ತಿದ್ದ ಎಂಬುದು ಅಪರ್ಣಾಗೆ ಗೊತ್ತಿತ್ತು. ನಕಗಾವಾ-ಸಾನ್ ಜೊತೆ. ಹೆಂಡತಿಯ ಜೊತೆಯಲ್ಲ.

ಹೆಂಡತಿಯಾದ ಅವಳು ಬಾಗಿಲ ಹೊರಗೇ ಇದ್ದಳು. ಕೈಯಲ್ಲಿ ಗಂಜಿಯ ಟ್ರೇ.

2021ರ ಆಗಸ್ಟ್. ಜಪಾನಿನ ನೋಮಿ ಊರಿನ ಎರಡು ಕೋಣೆಯ ಮನೆಯಲ್ಲಿ ಒಂದು ಕೋಣೆ ಅವನಿಗೆ ಮತ್ತು ಕೋವಿಡ್ಡಿಗೆ. ಆಸ್ಪತ್ರೆಯಲ್ಲಿ ಹಾಸಿಗೆ ಸಿಗುವವರೆಗೆ ಮನೆಯಲ್ಲೇ ಇರಿ ಎಂದಿದ್ದರು. ಪಿಎಚ್‌ಡಿ ಪ್ರಬಂಧ ಸಲ್ಲಿಸಲು ಮೂರು ವಾರವಿತ್ತು. ಕೂತು ಟೈಪ್ ಮಾಡಲು ಶಕ್ತಿಯಿಲ್ಲದೆ, ಮಲಗಿದಲ್ಲಿಂದಲೇ ಇಂಗ್ಲಿಷಿನಲ್ಲಿ ಫೋನಿಗೆ ಹೇಳುತ್ತಿದ್ದ. ರೆಕಾರ್ಡಿಂಗು ತಾನಾಗಿಯೇ ನಕಗಾವಾ-ಸಾನ್‌ಗೆ ಹೋಗುತ್ತಿತ್ತು. ಆಕೆ ನಿವೃತ್ತ ಟೈಪಿಸ್ಟ್. ಕೇಳಿಸಿದ್ದನ್ನೆಲ್ಲ ಬರೆಯುವವರು. ಕೆಮ್ಮನ್ನೂ ಬ್ರಾಕೆಟ್ಟಿನೊಳಗೆ ಹಾಕುತ್ತಿದ್ದರು.

“ರೆಕಾರ್ಡ್ ಆಗ್ತಿರೋವಾಗ ಬಾಗಿಲು ಬಡೀಬೇಡ ಕಣೇ,” ಎಂದಿದ್ದ ಮೊದಲ ದಿನ. “ನಿನ್ನ ಬೈಗುಳಾನೂ ಥೀಸಿಸ್‌ಗೆ ಸೇರ್ಕೊಳತ್ತೆ.”

“ಸೇರ್ಲಿ. ಅದೊಂದನ್ನಾದ್ರೂ ಜನ ಓದ್ತಾರೆ.”

ಆಮೇಲೆ ಅವಳದು ಒಂದೇ ಲೆಕ್ಕ. ಒಳಗೆ ದನಿಯಿದ್ದರೆ ಅವನು ಚೆನ್ನಾಗಿದ್ದಾನೆ. ಟ್ರೇ ಇಟ್ಟು ಹೊರಟುಬಿಡಬೇಕು.

ಆ ಮಧ್ಯಾಹ್ನವೂ ದನಿಯಿತ್ತು. ಸಣ್ಣಗೆ. ಅವಳು ಟ್ರೇ ಇಟ್ಟಳು. ಪಿಂಗಾಣಿ ಬಟ್ಟಲು ಖಣ್ ಎಂದಿತು. ಹೊರಟಳು. ಗಂಟೆ ಬಿಟ್ಟು ಬಂದಾಗ ಗಂಜಿ ಹಾಗೇ ಇತ್ತು. ದನಿಯಿರಲಿಲ್ಲ.

ಮಗ ಹೋದ ಮೇಲೆ ಮೈಸೂರಿನಿಂದ ಅತ್ತೆ ಸತ್ಯವತಿ ಪ್ರತಿ ವಾರ ಫೋನಿನಲ್ಲಿ ಒಂದೇ ಮಾತು ಕೇಳುತ್ತಿದ್ದರು.

“ಪಕ್ಕದ ರೂಮಲ್ಲೇ ಇದ್ಯಲ್ಲಮ್ಮ. ಒಂದ್ಸಲನಾದ್ರೂ ನಿನ್ನ ಕರೀಲಿಲ್ವಾ?”

“ಇಲ್ಲ ಅತ್ತೆ. ಥೀಸಿಸ್ ಹೇಳ್ತಾ ಇದ್ರು.”

“ಅಂಥದ್ದೇನಿತ್ತಮ್ಮ ಅದ್ರಲ್ಲಿ?”

“ತಟ್ಟೆ.”

ಟೈಪಾದ ಕೊನೆಯ ಅಧ್ಯಾಯ ಅಕ್ಟೋಬರಿನಲ್ಲಿ ಅಂಚೆಯಲ್ಲಿ ಬಂತು. ಇಲ್ಲಿನವರ ಪದ್ಧತಿಯಂತೆ ಸಾವಿನ ನಲವತ್ತೊಂಬತ್ತು ದಿನ ಕಳೆಯಲೆಂದು ನಕಗಾವಾ-ಸಾನ್ ಕಾದಿದ್ದರು. ಅಪರ್ಣಾ ಓದಲು ಕೂತಳು. ತನಗೆ ಕೊಡದ ಕೊನೆಯ ಮಾತನ್ನು ಅವನು ಯಾವುದಕ್ಕೆ ಕೊಟ್ಟ ಎಂದು ತಿಳಿಯಬೇಕಿತ್ತು.

ಪುಟಗಳಲ್ಲಿದ್ದದ್ದು ತಟ್ಟೆಗಳ ಚರಿತ್ರೆ. ಬ್ರಿಟನ್ನಿನಿಂದ ಬಿಡಿಸಿಕೊಂಡ ಅಮೆರಿಕ ಚೀನಾದ ಕ್ಯಾಂಟನ್ ಬಂದರಿಗೆ ಹಡಗು ಕಳಿಸಿತು. ಜಿನ್ಸೆಂಗ್ ಬೇರು ಕೊಟ್ಟು ಚಹಾ ತಂದಿತು, ಪಿಂಗಾಣಿ ತಂದಿತು. ಹೊಸ ದೇಶದ ಲಾಂಛನದ ಹದ್ದನ್ನೂ ಚೀನೀ ಕುಂಚಗಳೇ ತಟ್ಟೆಯ ಮೇಲೆ ಬಿಡಿಸಿದವು. ಕಡೆಯ ಪುಟದಲ್ಲಿ ಒಂದು ದಂತಕಥೆ. ವರ್ತಕನೊಬ್ಬ ಮಾದರಿಯ ಮೇಲೆ ‘ಇದು ನಡುಭಾಗಕ್ಕೆ’ ಎಂದು ಇಂಗ್ಲಿಷಿನಲ್ಲಿ ಗೀಚಿ ಕಳಿಸಿದ. ಭಾಷೆ ಬಾರದ ಚಿತ್ರಕಾರ ಅದನ್ನೂ ಒಂದಕ್ಷರ ತಪ್ಪದೆ ಪ್ರತಿ ತಟ್ಟೆಯ ನಡುವೆ ಬರೆದ.

‘ಅರ್ಥವಾಗದವನ ನಕಲಿನಷ್ಟು ನಿಷ್ಠೆಯ ನಕಲು ಬೇರೆಯಿಲ್ಲ’ ಎಂದು ಹರಿಹರ ಮುಗಿಸಿದ್ದ.

ಮುಗಿಸಿರಲಿಲ್ಲ. ಕೆಳಗೆ ಇನ್ನೊಂದು ಸಾಲಿತ್ತು. ಪಕ್ಕದಲ್ಲಿ ನಕಗಾವಾ-ಸಾನ್ ಅಂಟಿಸಿದ ಚೀಟಿ. ಅಪರ್ಣಾಳ ಹೆಸರು ಅವರಿಗೆ ಗೊತ್ತಿರಲಿಲ್ಲ. ‘ಹರಿಹರ-ಸಾನ್ ಪತ್ನಿಗೆ’ ಎಂದಷ್ಟೇ ಬರೆದಿದ್ದರು.

“ಕೊನೆಯ ಸಾಲು ನನಗೆ ತಿಳಿಯಲಿಲ್ಲ. ಯಾರೋ ಚೀನೀ ವರ್ತಕರ ಹೆಸರಿರಬೇಕು. ಕೇಳಿಸಿದ ಹಾಗೆ ನಮ್ಮ ಅಕ್ಷರಗಳಲ್ಲಿ ಬರೆದಿದ್ದೇನೆ. ಸುಮಿಮಾಸೆನ್, ಕ್ಷಮಿಸಿ.”

ಅಪರ್ಣಾ ಆ ಜಪಾನೀ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ, ಗಟ್ಟಿಯಾಗಿ ಓದಿದಳು.

(ಪಿಂಗಾಣಿಯ ಸದ್ದು.) ಅಪಾರುನಾ. ಹೋಗುಬೇಡಾ.